ಈ ವಯಸ್ಸಿಗೆಂಥ ಎದೆನೋವು?

ನಮ್ಮ ಮನೆಗಳಲ್ಲಿ ನೋವಿಗೂ ವಯಸ್ಸಿನ ಲೆಕ್ಕವಿದೆ. ಅರವತ್ತರ ಮಾವನವರು ಎದೆ ಹಿಡಿದುಕೊಂಡರೆ ಆಟೋ ಬರುತ್ತದೆ. ಮೂವತ್ತರ ಸೊಸೆ ಹಿಡಿದುಕೊಂಡರೆ ಓಮದ ಕಷಾಯ ಬರುತ್ತದೆ. ‘ಈ ವಯಸ್ಸಿಗೆಂಥ ಎದೆನೋವು? ಗ್ಯಾಸ್ ಇರಬೇಕು, ಹೊತ್ತಿಗೆ ಸರಿಯಾಗಿ ಉಂಡರೆ ತಾನೇ!’ ಎಂಬ ಬುದ್ಧಿಮಾತು ಬೇರೆ. ಗಂಡುಮಕ್ಕಳಿಗೂ ಇದರಿಂದ ಬಿಡುಗಡೆಯಿಲ್ಲ. ಇಪ್ಪತ್ತೆಂಟರ ಹುಡುಗ ಬೆನ್ನು ಸೀಳಿದ ಹಾಗಾಗುತ್ತಿದೆ ಎಂದರೆ, ನಿನ್ನೆ ಹೋಟೆಲಿನಲ್ಲಿ ಏನು ತಿಂದೆ ಎಂದು ವಿಚಾರಣೆ ಶುರು. ಬಹಳ ಸಲ ಅದು ಗ್ಯಾಸೇ ಆಗಿರುತ್ತದೆ, ಒಪ್ಪಿದೆ. ಆಗಿರದ ಆ ಒಂದು ಸಲದ ಬಗ್ಗೆ ನನ್ನ ತಕರಾರು.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವೇ ಮಹಾಧಮನಿ. ಅದರ ಗೋಡೆಗೆ ಮೂರು ಪದರ. ಒಳಪದರ ಹರಿದರೆ ರಕ್ತ ಪದರಗಳ ನಡುವೆ ನುಗ್ಗಿ, ಲೈನಿಂಗ್ ಬಿಟ್ಟ ರವಿಕೆಯ ಹಾಗೆ, ಗೋಡೆಯನ್ನು ಉದ್ದಕ್ಕೂ ಬಿಡಿಸುತ್ತಾ ಹೋಗುತ್ತದೆ. ಸೀಳು ಹೃದಯದ ಪಕ್ಕದ ಭಾಗದಲ್ಲಾದರೆ, ಶಸ್ತ್ರಚಿಕಿತ್ಸೆಯಿಲ್ಲದೆ ಕಳೆಯುವ ಮೊದಲ ಎರಡು ದಿನಗಳ ಒಂದೊಂದು ಗಂಟೆಗೂ ನೂರರಲ್ಲಿ ಒಬ್ಬಿಬ್ಬರು ಹೋಗುತ್ತಾರೆ ಎಂಬುದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದ ಲೆಕ್ಕ. ‘ಬೆಳಿಗ್ಗೆ ನೋಡೋಣ, ಮಲಗು’ ಎಂಬ ಮಾತಿನ ಬೆಲೆ ಎಷ್ಟೆಂದು ನೀವೇ ಕೂಡಿಸಿ.

ಇದಕ್ಕೆ ಚಿಕಿತ್ಸೆಯಿಲ್ಲವೇ? ಇದೆ, ಅದೂ ಇಂದು ನಿನ್ನೆಯದಲ್ಲ. ಅಮೆರಿಕದ ಹ್ಯೂಸ್ಟನ್ನಿನ ಡಾ. ಮೈಕೇಲ್ ಡಿಬೇಕಿ 1950ರ ದಶಕದಲ್ಲಿ ಅಂಗಡಿಯಿಂದ ಡೇಕ್ರಾನ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೃತಕ ರಕ್ತನಾಳ ಹೊಲಿದರು. ಅವರಿಗೆ ಹೊಲಿಗೆ ಕಲಿಸಿದ್ದು ಅವರ ತಾಯಿ. ಇವತ್ತಿಗೂ ಎದೆ ತೆರೆದು, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಮೈಯನ್ನು ತಂಪು ಮಾಡಿ, ಹರಿದ ಭಾಗದ ಜಾಗಕ್ಕೆ ಅಂಥದೇ ಕೊಳವೆ ಹೊಲಿಯುತ್ತಾರೆ. 2005ರ ಕೊನೆಯ ದಿನ ಸ್ವತಃ ಡಿಬೇಕಿಯವರ ಮಹಾಧಮನಿಯೇ ಸೀಳಿತು. 2006ರ ಫೆಬ್ರವರಿಯಲ್ಲಿ, 97ರ ವಯಸ್ಸಿನಲ್ಲಿ ಅವರಿಗೆ ಈ ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು.

ಇದರ ಪಕ್ಕಕ್ಕೆ ಇನ್ನೊಂದು ಸಂಗತಿ ಇಟ್ಟು ನೋಡಿ. ‘ರೆಂಟ್’ ಎಂಬ ಸಂಗೀತ ನಾಟಕ ಬರೆದ ನ್ಯೂಯಾರ್ಕಿನ ಜೊನಾಥನ್ ಲಾರ್ಸನ್‌ಗೆ 35 ವರ್ಷ. 1996ರ ಜನವರಿಯಲ್ಲಿ ಎದೆನೋವೆಂದು ಒಂದೇ ವಾರದಲ್ಲಿ ಎರಡು ಆಸ್ಪತ್ರೆಗೆ ಹೋದರು. ಒಂದು ಕಡೆ ತಿಂದ ಆಹಾರದ ದೋಷ ಎಂದರು, ಇನ್ನೊಂದು ಕಡೆ ವೈರಸ್ ಜ್ವರ ಎಂದರು. ನಾಟಕದ ಮೊದಲ ಪ್ರದರ್ಶನವಿದ್ದ ಜನವರಿ 25ರ ನಸುಕಿನಲ್ಲಿ ಮನೆಯಲ್ಲೇ ತೀರಿಕೊಂಡರು. ಮಹಾಧಮನಿ ಸೀಳಿತ್ತು. ಆಮೇಲೆ ಸರ್ಕಾರ ತನಿಖೆ ನಡೆಸಿ ಆಸ್ಪತ್ರೆಗಳಿಗೆ ದಂಡ ಹಾಕಿತು. ದಂಡದಿಂದ ಯಾರ ಮಗ ಎದ್ದು ಬಂದಾನು? 97ರ ಮುದುಕರಿಗೆ ದಕ್ಕಿದ ಶಸ್ತ್ರಚಿಕಿತ್ಸೆ 35ರ ತರುಣನಿಗೆ ದಕ್ಕಲಿಲ್ಲ.

ಎಲ್ಲ ನೋವಿಗೂ ಸ್ಕ್ಯಾನ್ ಮಾಡಿಸಿದರೆ ಮನೆ ಮಾರಬೇಕಾದೀತು ಎನ್ನುವವರಿದ್ದಾರೆ. ಎಲ್ಲದಕ್ಕೂ ಬೇಡ. ಆದರೆ ಈ ನೋವಿಗೆ ತನ್ನದೇ ಗುರುತುಗಳಿವೆ. ಅದು ಸಾಮಾನ್ಯವಾಗಿ ಮೆಲ್ಲಗೆ ಏರುವುದಿಲ್ಲ, ಸಿಡಿಲಿನಂತೆ ಎರಗುತ್ತದೆ. ಎದೆಯಲ್ಲೋ ಹೆಗಲ ಮೂಳೆಗಳ ನಡುವೆಯೋ ಹರಿದಂತಾಗುತ್ತದೆ, ಕೆಲವೊಮ್ಮೆ ಜಾಗ ಬದಲಿಸುತ್ತದೆ. ಬೆವರು, ತಲೆಸುತ್ತು, ಕೈಕಾಲು ಸೋತುಹೋಗುವುದೂ ಉಂಟು. ಇಸಿಜಿ ಸರಿಯಾಗಿಯೇ ಬಂದೀತು. ‘ಇಸಿಜಿ ನಾರ್ಮಲ್, ಕರೆದುಕೊಂಡು ಹೋಗಿ’ ಎಂದರೆ ಕೈಮುಗಿದು ಹೊರಡಬೇಡಿ. ‘ಡಾಕ್ಟ್ರೇ, ಮಹಾಧಮನಿ ಸೀಳಿಲ್ಲವೆಂದು ಹೇಗೆ ಗೊತ್ತು?’ ಎಂದು ಕೇಳಿ. ಔಷಧ ಕೊಟ್ಟು ತೆಗೆಯುವ ಸಿಟಿ ಸ್ಕ್ಯಾನ್ ಅದಕ್ಕೆ ಉತ್ತರ ಹೇಳುತ್ತದೆ. ಹೃದಯಾಘಾತವೆಂದು ತಪ್ಪು ತಿಳಿದು ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಮುಳುವಾದೀತು.

ಬಸುರಿಯರ ಪಾಡಂತೂ ಕೇಳಲೇಬೇಡಿ. ಅವರ ಯಾವ ನೋವಿಗೂ ‘ಇದೆಲ್ಲ ಇದ್ದದ್ದೇ’ ಎಂಬ ಒಂದೇ ಉತ್ತರ. ಮಹಾಧಮನಿ ದುರ್ಬಲವಾಗಿರುವ ಹೆಂಗಸಿಗೆ ಬಸುರಿನ ಕೊನೆಯ ತಿಂಗಳುಗಳೂ ಬಾಣಂತನದ ಮೊದಲ ವಾರಗಳೂ ಹೆಚ್ಚು ಅಪಾಯದ ಕಾಲ. ಮಹಾಧಮನಿಯ ಜೊತೆಗೆ ಯಾಂತ್ರಿಕ ಕವಾಟವನ್ನೂ ಕೂರಿಸಿದರೆ ಜೀವನಪರ್ಯಂತ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗಬೇಕು. ಆ ಮಾತ್ರೆ ಹೊಟ್ಟೆಯೊಳಗಿನ ಮಗುವಿಗೆ ಕೇಡು ಮಾಡಬಲ್ಲದು. ಮದುವೆ, ಮಕ್ಕಳು ಮುಂದಿರುವ ಹುಡುಗಿಗೆ ಯಾವ ಕವಾಟ, ಅವಳದನ್ನೇ ಉಳಿಸಲಾದೀತೇ ಎಂಬ ಮಾತು ಸಾವಧಾನದಿಂದ ಆಗಬೇಕಾದದ್ದು. ತುರ್ತಿನ ನಡುರಾತ್ರಿಯಲ್ಲಿ ಅದಕ್ಕೆ ಪುರಸೊತ್ತೆಲ್ಲಿ?

ಮೊದಲೇ ಗೊತ್ತಾಗುವುದು ಹೇಗೆಂದು ಕೇಳುತ್ತೀರಿ. ಬಹಳ ಮನೆಗಳಲ್ಲಿ ಗೊತ್ತಿರುತ್ತದೆ, ಬಚ್ಚಿಟ್ಟಿರುತ್ತಾರೆ! ಎಳೆಯರಲ್ಲಿ ಈ ಸೀಳಿಗೆ ಒಂದು ಮುಖ್ಯ ಕಾರಣ ಮಾರ್ಫಾನ್ ಎಂಬ ವಂಶಪಾರಂಪರ್ಯದ ತೊಂದರೆ. ಎತ್ತರದ ಮೈ, ನೀಳ ಬೆರಳು, ಕಣ್ಣಿನ ದೋಷ ಅದರ ಲಕ್ಷಣಗಳು. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಅಮೆರಿಕದ ವಾಲಿಬಾಲ್ ಆಟಗಾರ್ತಿ, 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಫ್ಲೋ ಹೈಮನ್ 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆಯೇ ಕುಸಿದು ತೀರಿಕೊಂಡಳು. ಆಗ 31 ವರ್ಷ. ಶವಪರೀಕ್ಷೆಯಲ್ಲಿ ಮಾರ್ಫಾನ್ ಬಯಲಾಯಿತು. ಕೂಡಲೇ ಅವಳ ತಮ್ಮನನ್ನು ಪರೀಕ್ಷಿಸಿದರೆ ಅವನಿಗೂ ಅದೇ. ಸಕಾಲಕ್ಕೆ ಶಸ್ತ್ರಚಿಕಿತ್ಸೆಯಾಗಿ ಉಳಿದುಕೊಂಡ. ಇಂಥವರಲ್ಲಿ ಮಹಾಧಮನಿ ಸುಮಾರು 5 ಸೆಂಟಿಮೀಟರಿಗೆ ಹಿಗ್ಗಿದಾಗಲೇ, ಸೀಳುವ ಮೊದಲೇ ಬದಲಿಸುತ್ತಾರೆ. ಅದರ ಅಪಾಯ ತುರ್ತು ಶಸ್ತ್ರಚಿಕಿತ್ಸೆಗಿಂತ ಎಷ್ಟೋ ಕಡಿಮೆ.

ನಮ್ಮಲ್ಲಾದರೋ ಚಿಕ್ಕಪ್ಪ ಮೂವತ್ತೆರಡಕ್ಕೆ ಹೋದರೆ ‘ದೃಷ್ಟಿ ತಾಗಿತು’, ಅತ್ತೆ ಬಾಣಂತನದಲ್ಲಿ ಹೋದರೆ ‘ಅವಳ ಆಯುಸ್ಸು ಅಷ್ಟೇ’. ಯಾಕೆಂದರೆ ಹೆಣ್ಣು ಕೊಡುವವರು, ತರುವವರು ಹಿಂಜರಿದಾರು. ಮದುವೆ ಮುರಿಯಬಾರದೆಂದು ಮುಚ್ಚಿಟ್ಟದ್ದು ಮದುವೆಯಾದವರನ್ನೇ ಮುರಿಯುತ್ತದೆ. ಎಕೋ ಪರೀಕ್ಷೆಗೆ ವಿಮಾನ ಹತ್ತಬೇಕಿಲ್ಲ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಲ್ಲದೆ ಮೈಸೂರು, ಕಲಬುರಗಿಗಳಲ್ಲೂ ಇದೆ.

ಮಕ್ಕಳ ಜಾತಕ ಇಟ್ಟಿರುವ ಕಪಾಟಿನಲ್ಲಿ ಇನ್ನೊಂದು ಹಾಳೆಯನ್ನೂ ಇಡೋಣ. ತವರಿನ ಕಡೆ, ಗಂಡನ ಕಡೆ ಐವತ್ತಾಗುವ ಮೊದಲೇ ಹಠಾತ್ತನೆ ಹೋದವರು ಯಾರು, ಯಾವ ವಯಸ್ಸಿನಲ್ಲಿ, ಹೋಗುವ ಮೊದಲು ಏನೆಂದರು, ಎಲ್ಲವನ್ನೂ ಅದರಲ್ಲಿ ಬರೆಯೋಣ. ಅಂಥವರಿದ್ದರೆ ಮಕ್ಕಳಿಗೊಮ್ಮೆ ಎಕೋ ಮಾಡಿಸೋಣ. ಯಾವ ಗ್ರಹ ಯಾವ ಮನೆಯಲ್ಲಿದೆ ಎನ್ನುವುದಕ್ಕಿಂತ ಈ ಹಾಳೆಯಿಂದ ಅವರ ಆಯುಸ್ಸು ಹೆಚ್ಚು ತಿಳಿದೀತು.