ಮಲೆನಾಡಿನವರನ್ನು ಕೇಳಿದ್ದು ಯಾರು?

ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯನ್ನು ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ತಿರಸ್ಕರಿಸಿತು. ‘ಮಲೆನಾಡಿನ ಜನ ಒಪ್ಪುವುದಿಲ್ಲ’ ಎಂಬುದು ಪಕ್ಷಭೇದವಿಲ್ಲದೆ ಎಲ್ಲ ಸರ್ಕಾರಗಳೂ ಹೇಳಿಕೊಂಡು ಬಂದ ಮಾತು. ಅತ್ತ ಪರಿಸರವಾದಿಗಳು ‘ಜನರ ದಾರಿ ತಪ್ಪಿಸಿದ್ದಾರೆ, ಇದೆಲ್ಲ ಕ್ವಾರಿ, ರೆಸಾರ್ಟ್‌ನವರ ಆಟ’ ಎನ್ನುತ್ತಾರೆ. ಇಬ್ಬರೂ ಮಾತಾಡುವುದು ಜನರ ಹೆಸರಿನಲ್ಲೇ. ಆದರೆ ಆ ಜನರನ್ನು ಕೂರಿಸಿಕೊಂಡು ಕ್ರಮವಾಗಿ ಕೇಳಿದ ದಾಖಲೆಯನ್ನು ಇಬ್ಬರೂ ಮುಂದಿಟ್ಟದ್ದನ್ನು ನಾನಂತೂ ನೋಡಿಲ್ಲ.

ಕೇಂದ್ರ ಕೇಳಿದ ರೀತಿಯೋ ಇನ್ನೂ ಚೆಂದ. ಆ ವರದಿ ಆಧರಿಸಿ 2014ರಿಂದ ಆರು ಕರಡು ಅಧಿಸೂಚನೆಗಳು ಬಂದಿವೆ. ಆರನೆಯದು ಹೊರಬಿದ್ದದ್ದು 2024ರ ಜುಲೈ 31ರಂದು, ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ. ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ. ಆಕ್ಷೇಪಣೆಗೆ 60 ದಿನ. ರಾಜಪತ್ರ ಹಿಂದಿ, ಇಂಗ್ಲಿಷಿನಲ್ಲಿ, ವಿಳಾಸ ದೆಹಲಿಯದು. ಕೊಳೆರೋಗಕ್ಕೆ ಹೆದರಿ, ಮಳೆ ಹೊಳವಾದಾಗಲೆಲ್ಲ ಬೋರ್ಡೋ ಹೊಡೆಸಲು ಕೊನೆಗಾರನ ಹಿಂದೆ ಅಲೆಯುವ ಶೃಂಗೇರಿ ಸೀಮೆಯ ಅಡಿಕೆ ಬೆಳೆಗಾರ ಆ 60 ದಿನಗಳಲ್ಲಿ ರಾಜಪತ್ರ ಓದುತ್ತಾನೆಯೇ? ಅವನ ಪರವಾಗಿ ಓದಿದವರು, ಅಥವಾ ಓದಿದ್ದೇವೆ ಎಂದವರು, ಪಂಚಾಯಿತಿಯಲ್ಲಿ ವಿರೋಧದ ನಿರ್ಣಯ ಬರೆಸಿದರು. ಆಕ್ಷೇಪಣೆ ಕೇಳಿದರೆ ಬರುವುದು ಆಕ್ಷೇಪಣೆಯೇ.

ಅದಕ್ಕೂ ಮೊದಲು ಇದೇ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಾಗ, ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂದಿತ್ತು. ಸಚಿವಾಲಯ ಅದನ್ನು ಬಚ್ಚಿಟ್ಟುಕೊಂಡು, ದೆಹಲಿ ಹೈಕೋರ್ಟ್ ಹೇಳಿದ ಮೇಲೆ 2012ರಲ್ಲಿ ಹೊರಬಿಟ್ಟಿತು. ಮುಂದೆ ಬಂದ ಕಸ್ತೂರಿರಂಗನ್ ತಂಡ ಉಪಗ್ರಹ ಚಿತ್ರ ಹಿಡಿದು, ಗ್ರಾಮದ ಶೇ 20ರಷ್ಟು ಭೂಮಿ ಸೂಕ್ಷ್ಮ ಎಂದು ಕಂಡರೆ ಆ ಗ್ರಾಮವನ್ನೇ ಪಟ್ಟಿಗೆ ಸೇರಿಸಿತು. ಸೊಪ್ಪಿನಬೆಟ್ಟ ಎಲ್ಲಿ ಮುಗಿಯುತ್ತದೆ, ಕಾನು ಎಲ್ಲಿ ಶುರುವಾಗುತ್ತದೆ, ಯಾವ ಬಾಣೆ ಯಾರ ಅನುಭೋಗದಲ್ಲಿದೆ ಎಂಬುದು ಆಕಾಶದಿಂದ ಕಾಣುವುದಿಲ್ಲ.

ಹಾಗಾದರೆ ಪ್ರಶ್ನಾವಳಿ ಹಿಡಿದು ಮನೆ ಮನೆಗೆ ಹೋದರಾಯಿತಲ್ಲ ಎನ್ನಬಹುದು. ‘ಕಾಡು ಉಳಿಯಬೇಕೇ?’ ಎಂದು ಕೇಳಿ, ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ಹಿಡಿದು ಐದು ಚೌಕ ಕೊಟ್ಟರೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ಅದರಲ್ಲೂ ಕೇಳಲು ಬಂದವರು ಅರಣ್ಯ ಇಲಾಖೆಯ ಜೀಪಿನಿಂದ ಇಳಿದಿದ್ದರೆ!

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ‘ಕಾಡಿಗೆ ಬೆಂಕಿ ಹಾಕುವುದು ಸರಿಯೇ?’ ಎಂದು ಕೇಳಿದಿರಿ ಎನ್ನಿ. ಹಿರಿಯರು ಸರಿ ಎಂದಾರು. ಪ್ರಶ್ನಾವಳಿಯ ಲೆಕ್ಕದಲ್ಲಿ ಅವರು ಸಂರಕ್ಷಣೆಯ ವಿರೋಧಿಗಳು. ಆದರೆ ಅವರ ಜೊತೆ ಕಾಡು ತಿರುಗಿ, ಬಿಡುವಾಗಿ ಮಾತಾಡಿದ ಸಂಶೋಧಕರಿಗೆ ಸಿಕ್ಕಿದ್ದು ಬೇರೆಯೇ ವಿವರಣೆ. ಹಿಂದೆ ಬೇಸಿಗೆಯ ಆರಂಭದಲ್ಲೇ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದು ಲಂಟಾನವನ್ನು ಎಳೆಯದರಲ್ಲೇ ಸುಡುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಯನ್ನೂ ಹದ್ದುಬಸ್ತಿನಲ್ಲಿಡುತ್ತಿತ್ತು. 1974ರಲ್ಲಿ ಅಭಯಾರಣ್ಯವಾಗಿ ಬೆಂಕಿ ನಿಂತಿತು, ಲಂಟಾನ ಆಳೆತ್ತರ ಬೆಳೆಯಿತು. ಈ ವಿವರಣೆಯನ್ನು ಒಪ್ಪುವುದು ಬಿಡುವುದು ಪರಿಸರ ವಿಜ್ಞಾನಿಗಳಿಗೆ ಬಿಟ್ಟದ್ದು. ಐದು ಚೌಕಗಳಲ್ಲಿ ಮಾತ್ರ ಇದಕ್ಕೆ ಜಾಗವೇ ಇರಲಿಲ್ಲ.

ಸರಿಯಾಗಿ ಕೇಳುವ ಉಪಾಯಗಳಿಗೇನೂ ಬರವಿಲ್ಲ. ಕಾಡುಪ್ರಾಣಿಗೆ ಉರುಲು ಹಾಕಿದ್ದೀಯಾ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಅದಕ್ಕೇ 1965ರಲ್ಲಿ ವಾರ್ನರ್ ಎಂಬ ಸಂಖ್ಯಾಶಾಸ್ತ್ರಜ್ಞ ಆಕಸ್ಮಿಕದ ಮರೆಯಲ್ಲಿ ಉತ್ತರ ಪಡೆಯುವ ದಾರಿ ತೋರಿಸಿದ. ಅದರ ಒಂದು ಸರಳ ರೂಪ ಹೀಗೆ: ಉತ್ತರಿಸುವವನು ಮರೆಯಲ್ಲಿ ನಾಣ್ಯ ಚಿಮ್ಮುತ್ತಾನೆ. ತಲೆ ಬಿದ್ದರೆ ಸುಮ್ಮನೆ ‘ಹೌದು’ ಎನ್ನಬೇಕು, ಬಾಲ ಬಿದ್ದರೆ ನಿಜ ಹೇಳಬೇಕು. ನೂರು ಜನರಲ್ಲಿ ಅರವತ್ತು ‘ಹೌದು’ ಬಂದರೆ ಸುಮಾರು ಐವತ್ತು ನಾಣ್ಯದ್ದು. ಉಳಿದ ಐವತ್ತು ಮಂದಿಯಲ್ಲಿ ಹತ್ತು, ಅಂದರೆ ಐದರಲ್ಲೊಬ್ಬ, ಉರುಲು ಹಾಕಿದವನು. ಆ ಒಬ್ಬ ಯಾರೆಂದು ಕೇಳಿದವರಿಗೂ ಗೊತ್ತಾಗುವುದಿಲ್ಲ.

ಮಲೆನಾಡಿಗೆ ಹೆಚ್ಚು ಒಗ್ಗುವುದು 1935ರಲ್ಲಿ ವಿಲಿಯಂ ಸ್ಟೀಫನ್‌ಸನ್ ರೂಪಿಸಿದ ಕ್ಯೂ ವಿಧಾನ. ಮೂವತ್ತು ನಲವತ್ತು ಹೇಳಿಕೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, ಹೆಚ್ಚು ಒಪ್ಪುವುದರಿಂದ ಕಡಿಮೆ ಒಪ್ಪುವುದರವರೆಗೆ ಜೋಡಿಸಲು ಹೇಳುತ್ತಾರೆ. ಯಾರ ಯೋಚನೆ ಯಾರದಕ್ಕೆ ಹತ್ತಿರ ಎಂಬುದು ಜೋಡಣೆಯಲ್ಲೇ ಕಾಣುತ್ತದೆ. ಉದಾಹರಣೆಗೆ, ಕರಡಿನಲ್ಲಿ ನಿಷೇಧವಿರುವುದು ಗಣಿ, ಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೆಂಪು ವರ್ಗದ ಹೊಸ ಕೈಗಾರಿಕೆ, 20,000 ಚದರ ಮೀಟರ್ ದಾಟಿದ ಕಟ್ಟಡಗಳಿಗೆ. ಊರಲ್ಲಿ ಹಬ್ಬಿರುವುದು ‘ದನ ಮೇಯಿಸುವಂತಿಲ್ಲ, ಒಕ್ಕಲೆಬ್ಬಿಸುತ್ತಾರೆ’ ಎಂಬ ಸುದ್ದಿ. ವರದಿ ಬೇಕೋ ಬೇಡವೋ ಎಂದರೆ ‘ಬೇಡ’ ಎನ್ನುವವರು ಬಿಡಿ ಚೀಟಿ ಜೋಡಿಸುವಾಗ ಕ್ವಾರಿ ನಿಷೇಧವನ್ನು ಮೇಲಕ್ಕೆ ತಳ್ಳಬಹುದು, ಇಲಾಖೆಯ ಮೇಲಿನ ಅಪನಂಬಿಕೆಯನ್ನು ಅದಕ್ಕಿಂತಲೂ ಮೇಲಿಡಬಹುದು. ಆ ಅಪನಂಬಿಕೆಯನ್ನು ವದಂತಿ ಎಂದು ತಳ್ಳಿಹಾಕುವ ಪರಿಸರವಾದಿಗಳು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಊರುಗಳಿಗೆ ಹೋಗಿ, ಇಲಾಖೆಯೊಂದಿಗಿನ ಅಲ್ಲಿನವರ ಅನುಭವ ಕೇಳಿ ಬರುವುದು ಒಳ್ಳೆಯದು.

ಹೀಗೆ ಕೇಳುವ ಕೆಲಸ ಕೆಡುವ ದಾರಿಯೂ ಗೊತ್ತೇ ಇದೆ. ಊರವರನ್ನೇ ಕೇಳಿ ಬರೆದಿಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೆ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಿತು, ತಪ್ಪಿದರೆ ರಾಜ್ಯಗಳಿಗೆ ದಂಡ ಎಂದಿತು. ವರ್ಷಾನುಗಟ್ಟಲೆ ತೆವಳುತ್ತಿದ್ದ ದಾಖಲೆಗಳು ದೇಶದಲ್ಲಿ ಎರಡು ಲಕ್ಷ ದಾಟಿಬಿಟ್ಟವು. ಅಷ್ಟು ಊರುಗಳ ಹಿರಿಯರ ಬಳಿ ಅಷ್ಟು ಬೇಗ ಯಾರು ಕೂತು ಬರೆದುಕೊಂಡರೋ!

ಗುಡ್ಡ ಕುಸಿಯುವುದಕ್ಕೆ ಜನಾಭಿಪ್ರಾಯ ಬೇಕಿಲ್ಲ, ನಿಜ. ಇಳಿಜಾರು ಎಷ್ಟು ಕಡಿದು ಎಂಬುದನ್ನು ಭೂವಿಜ್ಞಾನಿಯೇ ಹೇಳಲಿ. ಆದರೆ ಆ ಇಳಿಜಾರಿನಲ್ಲಿ ಏನು ಮಾಡಬಾರದು ಎಂಬ ಕಾಯ್ದೆಯನ್ನು ದಿನವೂ ಪಾಲಿಸಬೇಕಾದವರು ಅಲ್ಲಿ ಬದುಕುವವರು.

ಏಳನೆಯ ಕರಡಿಗೆ ಕಾಯದೆ ರಾಜ್ಯ ಸರ್ಕಾರ ಜನರನ್ನು ಕೇಳುವ ಈ ಕೆಲಸ ಶುರು ಮಾಡಲಿ. ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಿವೆ, ಕುವೆಂಪು ವಿಶ್ವವಿದ್ಯಾಲಯವಿದೆ. ಮಳೆ ಮುಗಿದ ಮೇಲೆ ಕನ್ನಡದಲ್ಲಿ, ತುಳು, ಕೊಡವ, ಕೊಂಕಣಿಯಲ್ಲಿ ಕೇಳಲಿ. ತೋಟದ ಯಜಮಾನರನ್ನೂ ಕೂಲಿಯವರನ್ನೂ ಬೇರೆ ಬೇರೆಯಾಗಿ, ಹೆಂಗಸರನ್ನು ಗಂಡಸರಿಲ್ಲದಾಗ ಕೇಳಲಿ. ಸಿಕ್ಕಿದ್ದನ್ನು ದೆಹಲಿಗೆ ಕಳಿಸುವ ಮೊದಲು ಆಯಾ ಗ್ರಾಮಸಭೆಯಲ್ಲೇ ಓದಿ ಹೇಳಲಿ.