ಅಂಕ ಶಾಲೆಯದೋ, ಬೀದಿಯದೋ?

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮೈಲಿಯೊಳಗೆ ಎರಡು ಸರ್ಕಾರಿ ಪ್ರಾಥಮಿಕ ಶಾಲೆಗಳಿವೆ. 2015ರ ಸುಮಾರಿಗೆ ಬ್ರೂಕ್ಲಿನ್ ಹೈಟ್ಸ್‌ನ ಪಿ.ಎಸ್. 8ರಲ್ಲಿ ಹೆಚ್ಚಿನವರು ಉಳ್ಳವರ ಮಕ್ಕಳು, ಅವರಲ್ಲಿ ಬಹುಪಾಲು ಬಿಳಿಯರು. ಫರಗಟ್ ಹೌಸಸ್ ಎಂಬ ಸರ್ಕಾರಿ ವಸತಿ ಸಮುಚ್ಚಯದ ಮಗ್ಗುಲಲ್ಲಿರುವ ಪಿ.ಎಸ್. 307ರಲ್ಲಿ ಬಹುತೇಕ ಬಡ ಕಪ್ಪು ಮತ್ತು ಲ್ಯಾಟಿನೋ ಮಕ್ಕಳು. ರಾಜ್ಯ ಪರೀಕ್ಷೆಯ ಅಂಕದಲ್ಲಿ ಅದು ಎಲ್ಲೋ, ಇದು ಎಲ್ಲೋ. ಮೊದಲನೆಯದು ತುಂಬಿ ತುಳುಕುತ್ತಿತ್ತು, ಎರಡನೆಯದರಲ್ಲಿ ಜಾಗ ಖಾಲಿ ಇತ್ತು. ಅದುವರೆಗೆ 8ರ ವ್ಯಾಪ್ತಿಯಲ್ಲಿದ್ದ ಡಂಬೋ ಬಡಾವಣೆಯನ್ನು 307ರ ವ್ಯಾಪ್ತಿಗೆ ಸೇರಿಸಲು ನಗರಾಡಳಿತ ಹೊರಟಾಗ ಎರಡೂ ಕಡೆ ಗದ್ದಲವೆದ್ದಿತು. ಡಂಬೋದ ಪೋಷಕರು 307ರ ಕಡಿಮೆ ಅಂಕ ತೋರಿಸಿದರು. ಫರಗಟ್‌ನವರ ಭಯವೇ ಬೇರೆ: ಹಣವಂತರು ಬಂದು ಶಾಲೆಯನ್ನೇ ತಮ್ಮದು ಮಾಡಿಕೊಂಡರೆ?

ಆ ಭಯಕ್ಕೆ ಆಧಾರವಿತ್ತು. 2000ದ ದಶಕದ ಆರಂಭದಲ್ಲಿ ಪಿ.ಎಸ್. 8 ಕೂಡ ಮಕ್ಕಳಿಲ್ಲದೆ ಸೊರಗಿದ್ದ, ಅಂಕದಲ್ಲಿ ಹಿಂದುಳಿದಿದ್ದ ಶಾಲೆಯೇ. ಆಗ ಅಲ್ಲಿದ್ದವರೂ ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೋ ಮಕ್ಕಳೇ. ಅಕ್ಕಪಕ್ಕದ ಅನುಕೂಲಸ್ಥರು ಮನಸ್ಸು ಮಾಡಿ ತಮ್ಮ ಮಕ್ಕಳನ್ನು ಸೇರಿಸಿದರು, ದೇಣಿಗೆ ಎತ್ತಿದರು, ಕೆಲವು ವರ್ಷಗಳಲ್ಲಿ ಅದು 'ಒಳ್ಳೆಯ ಶಾಲೆ' ಆಯಿತು. ಪಾಠ ಸುಧಾರಿಸಿತೋ, ಹಾಜರಿ ಪುಸ್ತಕದ ಹೆಸರುಗಳು ಬದಲಾದವೋ? ಎರಡೂ ಇರಬಹುದು. ಆದರೆ ಸರಾಸರಿ ಅಂಕ ಅವೆರಡನ್ನೂ ಬೇರ್ಪಡಿಸಿ ಹೇಳುವುದಿಲ್ಲ. ಅತ್ತ 'ಹಿಂದುಳಿದ' 307ರಲ್ಲಿ ಮ್ಯಾಂಡರಿನ್ ಭಾಷೆ, ಪಿಟೀಲು ಕಲಿಸುತ್ತಿದ್ದರು. ಪತ್ರಕರ್ತೆ ನಿಕೋಲ್ ಹನ್ನಾ-ಜೋನ್ಸ್ ತಮ್ಮ ಮಗಳನ್ನು ಅಲ್ಲಿಗೇ ಸೇರಿಸಿದರು.

ಅಂಕದಲ್ಲಿ ಮನೆಯ ಪಾಲು ದೊಡ್ಡದು ಎಂಬುದು ಹೊಸ ಸಂಗತಿಯೇನಲ್ಲ. ಅಮೆರಿಕದ ಶಾಲೆಗಳ ಕುರಿತ 1966ರ ಕೋಲ್ಮನ್ ವರದಿ ಅದನ್ನೇ ಹೇಳಿತ್ತು. ಹಾಗಾದರೆ ಶಾಲೆಯನ್ನು ಅಳೆಯುವುದು ಹೇಗೆ? ಸ್ಟ್ಯಾನ್‌ಫರ್ಡಿನ ಶಿಕ್ಷಣ ಸಂಶೋಧಕ ಶಾನ್ ರಿಯರ್ಡನ್, ಮಕ್ಕಳು ಎಲ್ಲಿದ್ದಾರೆ ಎಂಬುದನ್ನು ಬದಿಗಿಟ್ಟು, ಎಷ್ಟು ದೂರ ಬಂದರು ಎಂದು ನೋಡಿದರು. ಅಂಕದಲ್ಲಿ ದೇಶದ ಸರಾಸರಿಗಿಂತ ಕೆಳಗಿದ್ದ ಶಿಕಾಗೋದ ಮಕ್ಕಳು ಮೂರರಿಂದ ಎಂಟನೇ ತರಗತಿಗೆ ಬರುವಷ್ಟರಲ್ಲಿ, ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ದರು. ಇಷ್ಟು ಕಲಿಸಿದ ಶಾಲೆಗಳು ಸರಾಸರಿ ಅಂಕದ ಪಟ್ಟಿಯಲ್ಲಿ ಕೆಳಗೇ ಬಿದ್ದಿರುತ್ತವೆ.

ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ನೆಲೆಸಿದ ನಮ್ಮವರೂ ಈ ಅಂಕಪಟ್ಟಿಯ ಸೆಳೆತಕ್ಕೆ ಹೊರತಲ್ಲ. ಅಲ್ಲಿ ಮನೆ ಮಾರಾಟದ ಜಾಲತಾಣಗಳು ಬೆಲೆಯ ಜೊತೆಗೇ ಶಾಲೆಗೆ ಹತ್ತಕ್ಕೆ ಎಷ್ಟು ಎಂದು ತೋರಿಸುತ್ತವೆ. ಒಂಬತ್ತು, ಹತ್ತು ಇದ್ದಲ್ಲಿ ಮನೆಯ ಬೆಲೆ ಏರುತ್ತದೆ, ಕೊಳ್ಳಲಾಗದವರು ದೂರ ಸರಿಯುತ್ತಾರೆ, ಅಂಕ ಇನ್ನಷ್ಟು ಏರುತ್ತದೆ. ತಮ್ಮ ಮಕ್ಕಳಿಗೆ ಒಳ್ಳೆಯದನ್ನು ಬಯಸುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಲಕ್ಷಾಂತರ ಡಾಲರ್ ಸಾಲಕ್ಕೆ ಸಹಿ ಹಾಕುವ ಮುನ್ನ ಕೆಳಗಿನ ಅಂಕದ ಶಾಲೆಗೂ ಒಮ್ಮೆ ಹೋಗಿ ಬನ್ನಿ. ಮೂರನೇ ತರಗತಿಯಲ್ಲಿ ಓದಲು ತಡವರಿಸುತ್ತಿದ್ದ ಮಗು ಐದನೆಯದರಲ್ಲಿ ಹೇಗೆ ಓದುತ್ತಿದೆ ಎಂದು ಅಲ್ಲಿನ ಶಿಕ್ಷಕರನ್ನು ಕೇಳಿ.