ಸದ್ದಿನ ಮೂಲವೆಲ್ಲಿ?

ಯಂತ್ರವು ಕೆಟ್ಟಿತೆಂದು ಹೇಳುವುದು ಸುಲಭ. ಅದು ಎಲ್ಲಿ ಕೆಟ್ಟಿತೆಂದು ಹೇಳುವುದು ಕಷ್ಟ. ಈ ಎರಡನೆಯ ಮಾತನ್ನು ಆಡಬಲ್ಲ ಶಕ್ತಿಯೇ ವಿಜ್ಞಾನ ಶಿಕ್ಷಣದ ನಿಜವಾದ ಫಲವೆಂದು ನಾವು ನಂಬಿದ್ದೇವೆ. ಆದರೆ ನಮ್ಮ ಪ್ರಯೋಗಶಾಲೆಗಳಲ್ಲಿ ಅದಕ್ಕೆ ದೊರೆಯುವ ಅಭ್ಯಾಸ ಅತ್ಯಲ್ಪ. ನಿದರ್ಶನಕ್ಕಾಗಿ ಸ್ಥಿರವಿದ್ಯುತ್ ಹೆಡ್‌ಫೋನನ್ನು ತೆಗೆದುಕೊಳ್ಳೋಣ. ಹೆಚ್ಚು ಬೆಲೆಯ ಈ ಉಪಕರಣವು ಎಲ್ಲರ ಕೈಗೆ ಎಟುಕುವಂಥದಲ್ಲ. ಆದರೂ ಅದರಲ್ಲಿ ಏಳುವ ವಿಚಿತ್ರ ಸದ್ದುಗಳು ನಮ್ಮ ತರ್ಕಶಕ್ತಿಗೆ ಒಳ್ಳೆಯ ಒರೆಗಲ್ಲು.

ಜಪಾನಿನ ಸ್ಟ್ಯಾಕ್ಸ್ ಸಂಸ್ಥೆಯು 1960ರಲ್ಲಿ ಎಸ್‌ಆರ್-1 ಎಂಬ ಹೆಸರಿನಿಂದ ಇಂಥ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತು. ಸಾಮಾನ್ಯ ಹೆಡ್‌ಫೋನಿನಲ್ಲಿ ಅಯಸ್ಕಾಂತವೂ ತಂತಿಯ ಸುರುಳಿಯೂ ಕೂಡಿ ಪೊರೆಯನ್ನು ಅಲುಗಿಸುತ್ತವೆ. ಇದರಲ್ಲಾದರೋ ಸುರುಳಿಯೇ ಇಲ್ಲ. ರಂಧ್ರಗಳುಳ್ಳ ಎರಡು ಫಲಕಗಳ ನಡುವೆ ಪ್ಲಾಸ್ಟಿಕ್ಕಿನ ತೆಳುಪೊರೆಯೊಂದನ್ನು ಬಿಗಿದಿರುತ್ತಾರೆ. ಇಂದಿನ ಮಾದರಿಗಳಲ್ಲಿ ಆ ಪೊರೆಯ ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುವುದೆಂಬುದನ್ನು ನೆನೆದರೆ ಇದರ ನಯವು ತಿಳಿದೀತು. ಪೊರೆಗೆ ಸದಾ ವಿದ್ಯುದಾವೇಶವನ್ನು ಕೊಟ್ಟಿರಬೇಕು. ಸ್ಟ್ಯಾಕ್ಸ್‌ನ ಹಳೆಯ ಅನೇಕ ಮಾದರಿಗಳಿಗೆ ಇದಕ್ಕಾಗಿ 230 ವೋಲ್ಟ್, ಹೊಸವಕ್ಕೆ 580 ವೋಲ್ಟ್ ಬೇಕು. ಸಂಗೀತದ ಸಂಕೇತವು ಫಲಕಗಳನ್ನು ತಲುಪಿದಾಗ ಒಂದು ಫಲಕ ಪೊರೆಯನ್ನು ಸೆಳೆಯುತ್ತದೆ, ಇನ್ನೊಂದು ದೂಡುತ್ತದೆ. ಪೊರೆ ಕಂಪಿಸಿ ನಾದ ಹುಟ್ಟುತ್ತದೆ.

ಇಷ್ಟು ಸೂಕ್ಷ್ಮವಾದ ಪೊರೆ ಕೆಲವು ವೇಳೆ ತಾನಾಗಿಯೇ ಸದ್ದು ಮಾಡುವುದರಲ್ಲಿ ಆಶ್ಚರ್ಯವಿಲ್ಲ. ಹೆಡ್‌ಫೋನನ್ನು ಕಿವಿಗೆ ಒತ್ತಿದೊಡನೆ ಕೇಳುವ ಪರಪರ ಸದ್ದು ಬಹುಮಟ್ಟಿಗೆ ದೋಷವೇ ಅಲ್ಲ. ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡದಿಂದ ಪೊರೆ ಫಲಕದ ಕಡೆಗೆ ಬಾಗುತ್ತದೆ. ಒತ್ತಡ ಸಮವಾದ ಮೇಲೆ ಮೊದಲಿನಂತಾಗುತ್ತದೆ.

ಸಂಗೀತ ನಿಂತ ಮೇಲೂ ಒಂದೇ ಕಡೆಯಲ್ಲಿ ಸುಯ್ಯೆಂಬ ಅಥವಾ ಚಿಲಿಪಿಲಿಯೆಂಬ ಸದ್ದು ಉಳಿದರೆ ಆಗ ವಿಚಾರಣೆ ಅಗತ್ಯ. ಮೊದಲು ಹೆಡ್‌ಫೋನನ್ನು ಎಡಬಲ ತಿರುಗಿಸಿ ಧರಿಸಬೇಕು. ಸದ್ದು ಅದೇ ಕಿವಿಯಲ್ಲಿ ಉಳಿದರೆ ಅದು ಯಂತ್ರದ್ದಲ್ಲ, ಕಿವಿಯದೇ! ಇನ್ನೊಂದು ಕಿವಿಗೆ ಹೋದರೆ, ಮುಂದಿನ ಹೆಜ್ಜೆಯಾಗಿ ಆಂಪ್ಲಿಫೈಯರಿಗೆ ಸಂಕೇತ ತರುವ ಎಡಬಲದ ತಂತಿಗಳನ್ನು ಅದಲುಬದಲು ಮಾಡಬೇಕು. ಸದ್ದೂ ಪಕ್ಕ ಬದಲಿಸಿದರೆ ಅದರ ಮೂಲ ಆಂಪ್ಲಿಫೈಯರಿಗಿಂತ ಹಿಂದೆ ಇದೆ. ಬದಲಿಸದಿದ್ದರೆ ಆಂಪ್ಲಿಫೈಯರು, ಹೆಡ್‌ಫೋನು ಎರಡೇ ಉಳಿದವು. ಅದೇ ವೋಲ್ಟೇಜಿನ ಬೇರೊಂದು ಹೆಡ್‌ಫೋನನ್ನು ಜೋಡಿಸಿದಾಗ ಸದ್ದು ಅಡಗಿದರೆ ಸಂಶಯ ಮೊದಲಿನ ಹೆಡ್‌ಫೋನಿನ ಮೇಲೆ ನಿಲ್ಲುತ್ತದೆ.

ಅಲ್ಲಿ ಸಾಮಾನ್ಯ ಅಪರಾಧಿಗಳು ಧೂಳು ಮತ್ತು ತೇವ. ಆವೇಶವುಳ್ಳ ಪೊರೆ ಧೂಳಿನ ಕಣವನ್ನು ತಾನಾಗಿ ಸೆಳೆದುಕೊಳ್ಳುತ್ತದೆ. ತೇವವು ಆವೇಶ ಸೋರಿಹೋಗಲು ದಾರಿ ಮಾಡುತ್ತದೆ. ಹೆಡ್‌ಫೋನನ್ನು ಒಂದೆರಡು ದಿನ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿಟ್ಟ ಮೇಲೆ ಸದ್ದು ಕಡಿಮೆಯಾದರೆ ತೇವವೇ ಕಾರಣವೆಂದು ಊಹಿಸಬಹುದು. ಇದಕ್ಕೂ ಮುಂದೆ ವಿದ್ಯಾರ್ಥಿಗಳು ಹೋಗಕೂಡದು. ಆಂಪ್ಲಿಫೈಯರಿನೊಳಗಿನ ನೂರಾರು ವೋಲ್ಟುಗಳು ಪ್ರಾಣಾಪಾಯಕರ. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಆವೇಶ ಉಳಿದಿರಬಹುದು. ಬಿಚ್ಚುವ ಕೆಲಸ ನುರಿತವರದು.

ಇದೆಲ್ಲ ಮೆಕ್ಯಾನಿಕ್ಕಿನ ಕೆಲಸ, ವಿದ್ಯಾರ್ಥಿಗೇಕೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪವನ್ನು ನಾವು ಒಪ್ಪಲಾರೆವು. ಮೇಲಿನ ಪರೀಕ್ಷೆಗಳಲ್ಲಿ ಯಾವುದಕ್ಕೂ ಉಪಕರಣವನ್ನು ಬಿಚ್ಚಬೇಕಾಗಲಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಫಲವನ್ನು ನೋಡಿ, ಸಂಶಯದ ಕ್ಷೇತ್ರವನ್ನು ಕಿರಿದುಗೊಳಿಸಿದೆವು, ಅಷ್ಟೆ. ರೋಗನಿದಾನ ಮಾಡುವ ವೈದ್ಯನ ಕ್ರಮವೂ ಇದೇ. ಓಮನ ನಿಯಮವನ್ನೂ ಲೋಲಕದ ಆವರ್ತವನ್ನೂ ಪರೀಕ್ಷಿಸುವಾಗ ವಿದ್ಯಾರ್ಥಿಗೆ ಬರಬೇಕಾದ ಉತ್ತರ ಮೊದಲೇ ತಿಳಿದಿರುತ್ತದೆ. ಉತ್ತರ ತಪ್ಪಿದರೆ ಅಂಕಿಗಳನ್ನು ತಿದ್ದುವ ಆಸೆ ಹುಟ್ಟುತ್ತದೆ. ಕೆಟ್ಟ ಉಪಕರಣದ ಮುಂದೆ ಅಂಥ ಆಸೆಗೆ ಎಡೆಯಿಲ್ಲ.

ಆದುದರಿಂದ ಪ್ರತಿ ಶಾಲೆ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ವರ್ಷಕ್ಕೆ ಒಂದೆರಡು ದಿನಗಳನ್ನಾದರೂ ದೋಷ ಹುಡುಕುವ ಅಭ್ಯಾಸಕ್ಕೆ ಮೀಸಲಿಡಬೇಕು. ಇದಕ್ಕೆ ದುಬಾರಿ ಹೆಡ್‌ಫೋನು ಬೇಕಿಲ್ಲ. ಒಳಗೆ ತುಂಡಾದ ತಂತಿಯುಳ್ಳ ಒಂದು ಟಾರ್ಚೂ ಸಾಕು. ದೋಷ ಎಲ್ಲಿಲ್ಲವೆಂಬುದನ್ನು ಒಂದೊಂದಾಗಿ ತೋರಿಸುತ್ತ ಅದು ಎಲ್ಲಿದೆಯೆಂಬುದನ್ನು ತಲುಪಿದ ವಿದ್ಯಾರ್ಥಿಗೆ ಪೂರ್ಣ ಅಂಕ ಸಲ್ಲಲಿ.